ಕ್ಯಾಪ್ಟನ್ಸ್ ಡೇಗೆ ವಾಪಸ್ ಬಂದವನು

ಹೊರೇಸ್ ಗಾರ್ಸೈಡ್ ಎಂಥ ಆಟಗಾರ ಅಂತ ನನ್ನನ್ನು ಕೇಳಬೇಡಿ, ನಾನು ಅವನ ಹೆಂಡತಿ. ನಾನು ಹೊಗಳಿದರೆ ನೀವು ನಂಬೋದಿಲ್ಲ, ಬೈದರೆ ತಕ್ಷಣ ನಂಬಿಬಿಡುತ್ತೀರಿ. ಬೇಕಿದ್ದರೆ ಗಿಲೆಸ್ಪಿಯನ್ನು ಕೇಳಿ, ಆ ವರ್ಷ ಕಪ್ ಎತ್ತಿದ ಸ್ಕಾಟ್‌ಲೆಂಡಿನವನು. ಗಾಳಿ ಬೀಸುವಾಗ ಗಾರ್ಸೈಡ್ ಹೊಡೆದಷ್ಟು ನೇರವಾಗಿ ಚೆಂಡು ಹೊಡೆಯೋನನ್ನ ನಾನು ನೋಡಿಲ್ಲ ಅಂತ ಅವನೇ ನಾಲ್ಕು ಜನರ ಮುಂದೆ ಹೇಳಿದ್ದಾನೆ. ಹೇಳೋಕೆ ಅವನಿಗೇನು ಕಷ್ಟ, ಕಪ್ ಅವನ ಮನೆಯಲ್ಲಿದೆ.

ಹೊರೇಸ್ ಯಾರ್ಕ್‌ಶರ್‌ನ ಥಾರ್ನ್‌ಲೀ ಗಾಲ್ಫ್ ಕ್ಲಬ್ಬಿನ ಪ್ರೊ, ಅಂದರೆ ಸಂಬಳದ ಆಟಗಾರ. ಕೇಳೋಕೆ ಭಾರೀ ಹುದ್ದೆ. ಮಾಡೋದು ಏನು? ಮೆಂಬರುಗಳ ಕೋಲು ರಿಪೇರಿ ಮಾಡೋದು, ಚೆಂಡು ಮಾರೋದು, ಉಣ್ಣೆ ಗಿರಣಿ ಮಾಲೀಕರ ಹೆಂಡತಿಯರಿಗೆ ಸೊಂಟ ಹೇಗೆ ತಿರುಗಿಸಬೇಕು ಅಂತ ಪಾಠ ಹೇಳೋದು. ಶನಿವಾರ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿ ಬಾಗಿಲು ತೆಗೆದು, ಟೈ ಕಟ್ಟಿಕೊಂಡು ನಿಂತು ಮೆಂಬರುಗಳನ್ನು ಸರದಿ ಪ್ರಕಾರ ಆಟಕ್ಕೆ ಬಿಡೋದು. "ಗುಡ್ ಮಾರ್ನಿಂಗ್, ಮಿಸ್ಟರ್ ಬ್ರೇಸ್‌ವೆಲ್." "ಮಾರ್ನಿಂಗ್, ಗಾರ್ಸೈಡ್." ಅವರಿಗೆ ಮಿಸ್ಟರು, ನಮಗೆ ಬರೀ ಗಾರ್ಸೈಡು. ಕ್ಲಬ್ಬಿನ ಕಟ್ಟಡದೊಳಗೆ ಪ್ರೊ ಕಾಲಿಡೋ ಹಾಗಿರಲಿಲ್ಲ. ಸೆಕ್ರೆಟರಿ ಹತ್ತಿರ ಮಾತಾಡಬೇಕಾದರೆ ಹಿಂಬದಿಗೆ ಹೋಗಿ, ಆಫೀಸಿನ ಕಿಟಕಿ ತಟ್ಟಿ, ಟೋಪಿ ಕೈಯಲ್ಲಿ ಹಿಡಿದು ಕಾಯಬೇಕಿತ್ತು. ಇದು ನಮ್ಮ ಕ್ಲಬ್ಬಿನವರ ಕೊಬ್ಬು ಮಾತ್ರ ಅಂದುಕೊಳ್ಳಬೇಡಿ, ಆಗ ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ ಇತ್ತು.

ದೊಡ್ಡ ಪಂದ್ಯಗಳೂ ಅಷ್ಟೇ. ಉತ್ತರದ ಚಾಂಪಿಯನ್‌ಶಿಪ್ ಅಂತ ಒಂದಿತ್ತಲ್ಲ, ಅದು ಬುಧವಾರ ಶುರುವಾಗಿ ಶುಕ್ರವಾರ ಸಂಜೆಗೆ ಮುಗಿಯಲೇಬೇಕು. ಶುಕ್ರವಾರ ಒಂದೇ ದಿನ ಎರಡು ಸುತ್ತು ಆಡಿಸಿ, ಕಾಲು ಬಿದ್ದುಹೋಗೋ ಹಾಗೆ ನಡೆಸಿ ಮುಗಿಸಿಬಿಡೋರು. ಯಾಕೆ ಅಂತೀರಾ? ಶನಿವಾರ ಪ್ರೊಗಳೆಲ್ಲ ಅವರವರ ಅಂಗಡಿಯಲ್ಲಿ ಹಾಜರಿರಬೇಕು. ಮೆಂಬರುಗಳಿಗೆ ಚೆಂಡು ಕೊಡೋರಿಲ್ಲದೆ ಹೋದರೆ ಏನು ಗತಿ, ಪಾಪ!

ನಮ್ಮ ಮದುವೆಯಾದ ಹೊಸತರಲ್ಲಿ ಹೊರೇಸ್‌ಗೆ ದಕ್ಷಿಣದ ಒಂದು ಪಂದ್ಯಕ್ಕೆ ಕರೆ ಬಂತು. ಅದು ಶನಿವಾರ ಮುಗಿಯೋ ಪಂದ್ಯ. ರಜಾ ಕೇಳೋಕೆ ಕಿಟಕಿಗೆ ಹೋದ. ಸೆಕ್ರೆಟರಿ ಮೇಜರ್ ಹ್ಯಾಲಂ ಇವನನ್ನು ನೋಡಿದ, ನೋಡಿಯೂ ಸಿಗಾರ್ ಮುಗಿಯೋವರೆಗೆ ಕಿಟಕಿ ತೆಗೆಯಲಿಲ್ಲ. ಹೊರಗೆ ಮಳೆ. ಆಮೇಲೆ ಒಂದು ಗೇಣು ಕಿಟಕಿ ಎತ್ತಿ ಅಂದನಂತೆ, "ಗಾರ್ಸೈಡ್, ನಾವು ಸಂಬಳ ಕೊಡ್ತಿರೋದು ಪ್ರೊಗೆ, ಸರ್ಕಸ್ಸಿನವನಿಗಲ್ಲ. ಊರೂರು ಸುತ್ತೋ ಚಪಲ ಇದ್ರೆ ಈಗ್ಲೇ ಹೇಳಿಬಿಡು. ನಿನ್ನ ಜಾಗಕ್ಕೆ ಬೇಕಾದಷ್ಟು ಜನ ಕಾಯ್ತಿದಾರೆ." ಒಳಗೆ ಗ್ಲಾಸು ಹಿಡಿದು ಕೂತಿದ್ದ ನಾಲ್ಕಾರು ಮಂದಿ ಕಿಸಕ್ಕನೆ ನಕ್ಕರಂತೆ. ನಾವಿದ್ದ ಮನೆಯೂ ಕ್ಲಬ್ಬಿನದೇ. ಕೆಲಸ ಹೋದರೆ ಮನೆಯೂ ಹೋಯಿತು.

ಹೊರೇಸ್ ಮನೆಗೆ ಬಂದು ಒದ್ದೆ ಟೋಪಿಯನ್ನು ಒಲೆಯ ಹತ್ತಿರ ಇಟ್ಟ. "ಇನ್ನು ಯಾವತ್ತೂ ಕೇಳಲ್ಲ, ಎನಿಡ್," ಅಂದ. ಭೇಷ್, ಗಂಡಸಿಗೆ ಇಷ್ಟಾದರೂ ರೋಷ ಇರಬೇಕು ಅಂತ ನನಗೆ ಖುಷಿಯೇ ಆಯಿತು. ಎಂಥ ಪೆದ್ದಿ ನಾನು!

ಅಲ್ಲಿಂದ ಮುಂದೆ ಶುಕ್ರವಾರ ಮುಗಿಯೋ ಪಂದ್ಯಗಳಿಗೆ ಮಾತ್ರ ಹೋಗುತ್ತಿದ್ದ. ಅದಕ್ಕೆ ಕಮಿಟಿಯ ಒಪ್ಪಿಗೆ ಮೊದಲಿಂದಲೂ ಇತ್ತು, ಹೊಸದಾಗಿ ಕೇಳಬೇಕಾಗಿರಲಿಲ್ಲ. ಆರನೆಯವನಾಗಿ ಬಂದ, ನಾಲ್ಕನೆಯವನಾಗಿ ಬಂದ, ಒಂದು ಸಲ ಎರಡನೆಯವನಾಗಿಯೂ ಬಂದ. ಯುದ್ಧ ಬಂತು, ಆರು ವರ್ಷ ತಿಂದುಹಾಕಿತು. ವಾಪಸ್ ಬಂದಾಗ ಬೆನ್ನು ನೋವು ತಂದಿದ್ದ. ಯುದ್ಧ ಮುಗಿದು ಏಳೆಂಟು ವರ್ಷವಾದ ಮೇಲೆ, ನಾನು ಹೇಳುತ್ತಿರೋ ಆ ವರ್ಷ, ಅವನಿಗೆ ನಲವತ್ತು ದಾಟಿತ್ತು. ಇದೇ ಕೊನೇ ಅವಕಾಶ ಅಂತ ಇಬ್ಬರಿಗೂ ಗೊತ್ತಿತ್ತು. ಉತ್ತರದ ಚಾಂಪಿಯನ್‌ಶಿಪ್ಪಿನ ಕಪ್ ಗೆದ್ದವನಿಗೆ ಅಮೆರಿಕಕ್ಕೆ ಆಡೋಕೆ ಹೋಗೋ ತಂಡದಲ್ಲಿ ಜಾಗ ಗ್ಯಾರಂಟಿ. ತಂಡಕ್ಕೆ ಹೋಗಿಬಂದವನನ್ನು ಸಮುದ್ರದ ಕಡೆಯ ದೊಡ್ಡ ಕ್ಲಬ್ಬುಗಳು ಕರೆದು ಕೂರಿಸುತ್ತವೆ. ಮೇಜರನ ಕಿಟಕಿಯಿಂದ ನಮಗೆ ಬಿಡುಗಡೆ. ಹೊರೇಸ್ ರೈಲು ಹತ್ತುವಾಗ ನಾನು ಅವನ ಕಾಲರ್ ಸರಿಮಾಡಿ, "ಗೆದ್ದುಬಾ" ಅಂದೆ. ಹಾಗೆ ಹಿಂದೆ ಯಾವತ್ತೂ ಹೇಳಿದವಳಲ್ಲ.

ಶುಕ್ರವಾರ ಸಂಜೆ ಆಲೂಗೆಡ್ಡೆ ಸಿಪ್ಪೆ ಸುಲಿಯುತ್ತ ರೇಡಿಯೋ ಹಾಕಿದ್ದೆ. ಗಾರ್ಸೈಡ್ ಮತ್ತು ಗಿಲೆಸ್ಪಿ ಸಮ ಸಮ, ನಾಳೆ ಬೆಳಿಗ್ಗೆ ಹತ್ತಕ್ಕೆ ಇಬ್ಬರಿಗೇ ಮರುಪಂದ್ಯ ಅಂದರು. ಕೈಯಲ್ಲಿದ್ದ ಚಾಕು ಕೆಳಗೆ ಬಿತ್ತು. ಅಳಬೇಕೋ ನಗಬೇಕೋ ತಿಳಿಯದೆ ಅಡುಗೆಮನೆಯಲ್ಲೇ ಎರಡು ಸುತ್ತು ಓಡಾಡಿದೆ.

ಆಗಲೇ ಯಾರೋ ಬಾಗಿಲು ಬಡಿದರು. ತೆಗೆದರೆ ಬ್ರೇಸ್‌ವೆಲ್! ಮೂರು ಉಣ್ಣೆ ಗಿರಣಿಗಳ ಒಡೆಯ, ಆ ವರ್ಷ ಕ್ಲಬ್ಬಿನ ಕ್ಯಾಪ್ಟನ್. ನಮ್ಮ ಮನೆ ಮೆಟ್ಟಿಲು ಹತ್ತಿದವನೇ ಅಲ್ಲ. ಮಾರನೇ ದಿನ, ಶನಿವಾರ, ಅವನ ಕ್ಯಾಪ್ಟನ್ಸ್ ಡೇ. ಎಲ್ಲ ಮೆಂಬರುಗಳೂ ಆಡಬೇಕು, ಕ್ಯಾಪ್ಟನ್ನನ ಖರ್ಚಿನಲ್ಲಿ ಊಟ, ಭಾಷಣ, ಬೆಳ್ಳಿ ಬಟ್ಟಲು. ವರ್ಷಕ್ಕೊಮ್ಮೆ ಬರೋ ದೊಡ್ಡ ದಿನ. ಅವತ್ತು ಪ್ರೊ ಇಲ್ಲ ಅಂದರೆ ಮದುವೆಮನೆಯಲ್ಲಿ ಪಾದ್ರಿ ಇಲ್ಲದ ಹಾಗೆ.

"ಮಿಸೆಸ್ ಗಾರ್ಸೈಡ್, ರೇಡಿಯೋ ಕೇಳಿದ್ರಾ?" ಮುಖವೆಲ್ಲ ಕೆಂಪಾಗಿತ್ತು, ಸ್ವಲ್ಪ ವಿಸ್ಕಿಯೂ ಒಳಗೆ ಹೋಗಿತ್ತು. "ನಮ್ಮ ಹುಡುಗ ಕಣ್ರೀ! ಥಾರ್ನ್‌ಲೀ ಹುಡುಗ! ನನ್ನ ದಿನಾನ ಮುಂದಿನ ವಾರಕ್ಕೆ ತಳ್ಳಿಬಿಟ್ಟೆ. ಎರಡು ಬಸ್ ಗೊತ್ತುಮಾಡಿದೀನಿ, ಬೆಳಿಗ್ಗೆ ಐದಕ್ಕೆ ಹೊರಡೋದು. ನೀವು ಮುಂದಿನ ಸೀಟು."

"ಹೊರೇಸ್‌ಗೆ ಹೇಳಿಕಳ್ಸಿದ್ರಾ, ಸಾರ್?"

"ಹೇಳೋದೇನು ಬಂತು! ಮೊದಲನೇ ಗುಳಿ ಹತ್ರ ನಾವೆಲ್ಲ ಸಾಲಾಗಿ ನಿಂತಿರ್ತೀವಿ. ನೋಡಿ ಬೆಚ್ಚಿಬೀಳ್ಲಿ!"

ನನಗೂ ಅದು ಚೆನ್ನಾಗೇ ಕಂಡಿತು. ನಮ್ಮ ಮನೆಯಲ್ಲಿ ಫೋನೂ ಇರಲಿಲ್ಲ.

ಆ ಬಸ್ಸಿನ ಪ್ರಯಾಣ ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತೆ. ಯಾಕೆ ಗೊತ್ತಾ? ಅಷ್ಟು ಸುಖವಾಗಿದ್ದೆ. ಮಿಸೆಸ್ ಬ್ರೇಸ್‌ವೆಲ್ ನನ್ನನ್ನು "ಎನಿಡ್ ಡಿಯರ್" ಅಂತ ಕರೆದು ಹ್ಯಾಮ್ ಸ್ಯಾಂಡ್‌ವಿಚ್ ಕೊಟ್ಟಳು. ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಸಕ್ಕರೆ ಇನ್ನೂ ರೇಷನ್ನಿನಲ್ಲಿದ್ದ ಕಾಲದಲ್ಲಿ, ಎರಡು ಚಮಚ ಹಾಕಿದಳು. ಹಿಂದಿನ ಸೀಟುಗಳಲ್ಲಿ ಗಂಡಸರು ಹಾಡು ಹೇಳುತ್ತಿದ್ದರು. ಮೇಜರ್ ಹ್ಯಾಲಂ ಕೂಡ ತಿರುಗಿ, "ನಿಮ್ಮವನಿಗೆ ಗಾಳಿ ಬೇಕಲ್ವಾ, ಮಿಸೆಸ್ ಗಾರ್ಸೈಡ್? ಇವತ್ತು ಬೇಕಾದಷ್ಟಿರುತ್ತೆ," ಅಂದ. ಹೊಲಗಳ ಆಚೆ ದಕ್ಷಿಣದ ಕಡೆ ಒಂದು ರೈಲು ಹೋಗುತ್ತಿದ್ದುದನ್ನು ನೋಡಿದೆ. ಅದರೊಳಗೆ ನನ್ನ ಗಂಡ ಇದ್ದನೋ ಇಲ್ಲವೋ ಗೊತ್ತಿಲ್ಲ, ಆದರೆ ಅಂಥದೇ ಒಂದು ರೈಲಿನಲ್ಲಿ ಇದ್ದ.

ಒಂಬತ್ತೂವರೆಗೆ ಸಮುದ್ರದ ದಂಡೆಯ ಆ ಮೈದಾನಕ್ಕೆ ಮುಟ್ಟಿದೆವು. ಬ್ರೇಸ್‌ವೆಲ್ ಎಲ್ಲರನ್ನೂ ಇಳಿಸಿ, ಶಾಲಾ ಮಕ್ಕಳ ಹಾಗೆ ಸಾಲು ಮಾಡಿಸಿದ. ಜನ ನಮಗೆ ಎದುರಾಗಿ ಬರುತ್ತಿದ್ದರು. ಪಂದ್ಯ ನೋಡೋಕೆ ಹೋಗೋರು ಒಳಗೆ ಹೋಗಬೇಕು, ಇವರೇಕೆ ಹೊರಗೆ ಬರುತ್ತಿದ್ದಾರೆ? ತೋಳಿಗೆ ಪಟ್ಟಿ ಕಟ್ಟಿದ್ದ ಒಬ್ಬ ಯಜಮಾನನನ್ನು ಹಿಡಿದು ಕೇಳಿದೆ.

"ಗಾರ್ಸೈಡಾ? ನಿನ್ನೆ ಸಂಜೇನೇ ಹೆಸರು ವಾಪಸ್ ತಗೊಂಡು ಹೋದನಲ್ಲಮ್ಮ. ನಾಳೆ ಕ್ಲಬ್ಬಲ್ಲಿ ಕ್ಯಾಪ್ಟನ್ಸ್ ಡೇ, ಅಂಗಡಿ ತೆಗೀಬೇಕು ಅಂದ. ರೈಲಿಗೆ ಹೊತ್ತಾಯ್ತು ಅಂತ ಓಡಿಯೇ ಹೋದ."

"ನೀವು ತಡೀಲಿಲ್ವಾ?"

"ಅವನ ಕ್ಲಬ್ಬಿನ ವಿಷಯ. ನಾವ್ಯಾಕೆ ಮೂಗು ತೂರಿಸೋಣ?" ಅದೊಂದು ತೀರ ಸಹಜವಾದ ಸಂಗತಿ ಅನ್ನೋ ಹಾಗೆ ಅಂದ. ಅವನಿಗೆ ಸಹಜವೇ. ಪ್ರೊಗಳು ಹೀಗೆ ಕೆಲಸಕ್ಕೆ ಓಡೋದನ್ನು ಅವನು ಜೀವಮಾನವೆಲ್ಲ ನೋಡಿದ್ದ.

ಡೇರೆಯೊಂದರ ಮುಂದೆ ಗಿಲೆಸ್ಪಿಗೆ ಆಗಲೇ ಕಪ್ ಕೊಟ್ಟಾಗಿತ್ತು. ಅವನು ಅದನ್ನು ಬಕೆಟ್ ಹಿಡಿದ ಹಾಗೆ ಹಿಡಿದುಕೊಂಡು ನಿಂತಿದ್ದ. ನನ್ನನ್ನು ಯಾರೋ ತೋರಿಸಿದರು ಅಂತ ಕಾಣುತ್ತೆ, ಹತ್ತಿರ ಬಂದು, "ಕಪ್ ಹೀಗೆ ಸಿಗಲಿ ಅಂತ ನಾನು ಕೇಳಿಕೊಂಡಿರಲಿಲ್ಲ, ಮಿಸೆಸ್," ಅಂದ. ನಾನು ಅವನಿಗೆ ಬೆನ್ನು ತಿರುಗಿಸಿದೆ. ಅವನ ತಪ್ಪೇನಿತ್ತು, ಆದರೂ ತಿರುಗಿಸಿದೆ.

ಅಷ್ಟರಲ್ಲಿ ಪತ್ರಿಕೆಯವನೊಬ್ಬ ಪೆನ್ಸಿಲ್ ನೆಕ್ಕುತ್ತ ಬ್ರೇಸ್‌ವೆಲ್ ಎದುರು ನಿಂತ. "ನೀವು ರಜಾ ಕೊಡ್ಲಿಲ್ವಂತೆ, ಹೌದಾ ಸಾರ್?"

"ಕೇಳಿದ್ರೆ ತಾನೇ ಕೊಡೋಕೆ!" ಬ್ರೇಸ್‌ವೆಲ್ ಕಿರುಚಿದ. "ಎರಡು ಬಸ್ ತಗೊಂಡು ಬಂದಿದೀವಿ, ಕಾಣ್ಸಲ್ವಾ? ಆ ಬೆಪ್ಪುತಕ್ಕಡಿ ಒಂದು ಮಾತು ಕೇಳ್ಲಿಲ್ಲ!"

ಮೇಜರ್ ತಲೆಯಾಡಿಸಿದ. "ಒಂದು ಫೋನ್ ಮಾಡಿದ್ರೆ ಸಾಕಿತ್ತು. ನಾವೇನು ರಾಕ್ಷಸರಾ?"

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಕೇಳೋಕೆ ಬಂದೋನನ್ನ ಮಳೇಲಿ ನಿಲ್ಸಿ ಸಿಗಾರ್ ಸೇದಿದ್ದು ಯಾರು, ಮೇಜರ್? ಸರ್ಕಸ್ಸಿನವನು ಅಂದಿದ್ದು ಯಾರು? ಕೇಳ್ಬಾರ್ದು ಅಂತ ಕಲಿಸಿದ್ದೂ ನೀವೇ, ಕೇಳ್ಲಿಲ್ಲ ಅಂತ ಈಗ ಬೈಯೋದೂ ನೀವೇನಾ?"

ಮೇಜರ್ ನಿಜವಾಗಿಯೂ ಬೆರಗಾಗಿ ನೋಡಿದ. "ಯಾವಾಗ?" ಅಂದ. ಅವನಿಗೆ ನೆನಪೇ ಇರಲಿಲ್ಲ. ಅವನ ಪಾಲಿಗೆ ಅದೊಂದು ಮಧ್ಯಾಹ್ನದ ತಮಾಷೆ, ಮುಗಿದೇ ಹೋಗಿತ್ತು. ಸುಳ್ಳು ಹೇಳಿದ್ದರೆ ಅವನ ಮುಖಕ್ಕೆ ಉಗಿದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ವಾಪಸ್ ಬರುವಾಗ ನನ್ನನ್ನು ಯಾರೂ ಮುಂದಿನ ಸೀಟಿಗೆ ಕರೆಯಲಿಲ್ಲ. ಕೊನೆಯಲ್ಲಿ, ಕೋಟುಗಳ ರಾಶಿಯ ಪಕ್ಕ ಕೂತೆ. ಮಿಸೆಸ್ ಬ್ರೇಸ್‌ವೆಲ್ ಫ್ಲಾಸ್ಕನ್ನು ಚೀಲದೊಳಗೆ ಇಟ್ಟುಬಿಟ್ಟಿದ್ದಳು. ಊರು ಬರೋವರೆಗೆ ಯಾರೂ ಹಾಡಲಿಲ್ಲ.

ಹೊರೇಸ್ ಅಂಗಡಿಯಲ್ಲಿದ್ದ. ಲೀಡ್ಸ್ ಸ್ಟೇಷನ್ನಿನ ಬೆಂಚಿನ ಮೇಲೆ ಮಲಗಿ, ಮೊದಲ ರೈಲು ಹಿಡಿದು ಬಂದು, ಗಡ್ಡ ಹೆರೆದು, ಟೈ ಕಟ್ಟಿ, ಎಂಟಕ್ಕೆ ಸರಿಯಾಗಿ ಬಾಗಿಲು ತೆಗೆದಿದ್ದನಂತೆ. ಮೈದಾನದಲ್ಲಿ ಒಂದು ನರಪಿಳ್ಳೆ ಇಲ್ಲ. ಹುಲ್ಲು ಕತ್ತರಿಸೋ ಮುದುಕ ಬಂದು, "ಅಯ್ಯೋ ಹೊರೇಸ್, ನೀನಿಲ್ಲೇನು ಮಾಡ್ತಿದೀಯ? ಊರೆಲ್ಲ ನಿನ್ನ ನೋಡೋಕೆ ಹೋಗಿದೆಯಲ್ಲೋ," ಅಂದ ಮೇಲೆ ಸ್ಟೂಲಿನ ಮೇಲೆ ಕೂತವನು, ನಾನು ಹೋಗೋವರೆಗೆ ಎದ್ದಿರಲಿಲ್ಲ. ಟೈ ಕೂಡ ಬಿಚ್ಚಿರಲಿಲ್ಲ.

"ಎರಡು ಬಸ್ಸಾ, ಎನಿಡ್?"

"ಎರಡು."

"ತುಂಬಿತ್ತಾ?"

"ನಿಂತ್ಕೊಂಡು ಬಂದೋರೂ ಇದ್ರು."

"ಮೇಜರೂ ಬಂದಿದ್ರಾ?" ಅಂದ. ನಿಮ್ಮಾಣೆ, ಅವನ ಮುಖದ ಮೇಲೆ ಒಂದು ಚೂರು ಸಂತೋಷ ಕಂಡಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಬಂದಿದ್ದ! ಎಲ್ಲ ಬಂದಿದ್ರು! ನೀನೊಬ್ಬ ಇರ್ಲಿಲ್ಲ! ಆ ಊರಲ್ಲಿ ಫೋನ್ ಇರ್ಲಿಲ್ವಾ? ಬಾಯಿ ಬಿದ್ದುಹೋಗಿತ್ತಾ ನಿಂಗೆ?"

"ಇಲ್ಲ ಅಂತಾರೆ ಅಂತ ಗೊತ್ತಿತ್ತು."

"ಗೊತ್ತಿತ್ತಾ?"

ಅವನು ಕೌಂಟರಿನ ಮೇಲಿದ್ದ ಚೆಂಡುಗಳನ್ನು ಸಾಲಾಗಿ ಜೋಡಿಸಿದ. "ಕ್ಯಾಪ್ಟನ್ಸ್ ಡೇ ಅಲ್ವಾ, ಎನಿಡ್," ಅಂದ. ಅಷ್ಟೇ. ಆ ವಿಷಯದಲ್ಲಿ ನಮ್ಮಿಬ್ಬರ ಮಾತು ಅಲ್ಲಿಗೆ ನಿಂತಿತು, ಬಹಳ ವರ್ಷ ನಿಂತೇ ಇತ್ತು.

ಪತ್ರಿಕೆಗಳು ಕ್ಲಬ್ಬಿಗೆ ಛೀಮಾರಿ ಹಾಕಿದವು, ಆಳನ್ನು ಆಡೋಕೆ ಬಿಡದ ಜಿಪುಣರು ಅಂತ. ಆ ಸಿಟ್ಟನ್ನೆಲ್ಲ ಮೆಂಬರುಗಳು ಹೊರೇಸ್ ಮೇಲೆ ತೀರಿಸಿಕೊಂಡರು. ಮುಂದಿನ ಶನಿವಾರ ಕ್ಯಾಪ್ಟನ್ಸ್ ಡೇ ನಡೆಯಿತು. ಇವನು ಒಬ್ಬೊಬ್ಬರಿಗೂ ಗುಡ್ ಮಾರ್ನಿಂಗ್ ಅಂದ, ಒಬ್ಬನೂ ತಿರುಗಿ ಅನ್ನಲಿಲ್ಲ. ಹೇಡಿ, ನಮ್ಮ ಮರ್ಯಾದೆ ಕಳೆದ ಅಂತ ಇವನಿಗೆ ಕೇಳೋ ಹಾಗೇ ಆಡಿಕೊಂಡರು. ತಂಡಕ್ಕೆ ಆರಿಸುವವರು ಇವನ ಹೆಸರೇ ಎತ್ತಲಿಲ್ಲ. ಕ್ಲಬ್ಬನ್ನೇ ಬಿಟ್ಟು ಬರಲಾರದ ಮನುಷ್ಯನನ್ನು ಯಾಕೆ ಆರಿಸಬೇಕು? ಗಿಲೆಸ್ಪಿ ಹಡಗು ಹತ್ತಿದ. ಅದಾದ ಮೇಲೆ ಹೊರೇಸ್ ದೊಡ್ಡ ಪಂದ್ಯ ಆಡಲಿಲ್ಲ. ಹತ್ತಿರದ ಹೊಡೆತಕ್ಕೆ ಕೈ ನಡುಗುತ್ತೆ ಅನ್ನುತ್ತಿದ್ದ. ಹದಿನೈದು ವರ್ಷ ಗಿರಣಿ ಮಾಲೀಕರ ಕೋಲು ರಿಪೇರಿ ಮಾಡಿದ.

ಈಗ ತಮಾಷೆ ಕೇಳಿ. ಬ್ರೇಸ್‌ವೆಲ್ ಸತ್ತ, ಮೇಜರ್ ಸತ್ತ. ಹೊಸ ಮೆಂಬರುಗಳು ಬಂದರು. ಅವರ ಬಾಯಲ್ಲಿ ಕಥೆ ನಿಧಾನವಾಗಿ ಬೇರೆ ಬಣ್ಣಕ್ಕೆ ತಿರುಗಿತು. ಹೊರೇಸ್ ನಿವೃತ್ತನಾದ ದಿನ ಹುಲ್ಲಿನ ಮೇಲೆ ಕುರ್ಚಿ ಹಾಕಿ ಸಮಾರಂಭ ಮಾಡಿದರು. ಅವತ್ತಿನ ಕ್ಯಾಪ್ಟನ್, ಹಲ್ಲುಡಾಕ್ಟರು, ಎದ್ದು ನಿಂತು ಹೇಳಿದ: "ಚಾಂಪಿಯನ್‌ಶಿಪ್ ಕೈಯಲ್ಲಿತ್ತು. ಆದರೆ ಇವರಿಗೆ ಅದಕ್ಕಿಂತ ನಮ್ಮ ಕ್ಯಾಪ್ಟನ್ಸ್ ಡೇ ದೊಡ್ಡದಾಗಿತ್ತು. ರಜಾ ಕೊಡ್ತೀವಿ ಅಂದ್ರೂ ಬೇಡ ಅಂದು ಓಡಿ ಬಂದರು. ಇಂಥ ನಿಷ್ಠೆ ಇನ್ನೆಲ್ಲಿ ಸಿಗುತ್ತೆ?" ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ. ಹೇಡಿ ಅಂದಿದ್ದವರಲ್ಲಿ ಬದುಕಿ ಉಳಿದವರೂ ತಟ್ಟುತ್ತಿದ್ದರು. ಹೊರೇಸ್ ಕುತ್ತಿಗೆ ಬಗ್ಗಿಸಿ, "ಥ್ಯಾಂಕ್ಯೂ ಸಾರ್, ಥ್ಯಾಂಕ್ಯೂ," ಅಂದ.

ಹೊಸ ಪ್ರೊ ಆಗಿ ಟ್ರೆವರ್ ಪಿಲ್ಲಿಂಗ್ ಬಂದ. ಮೂವತ್ತು ವರ್ಷ, ಇಬ್ಬರು ಮಕ್ಕಳು, ಒಳ್ಳೇ ಆಟಗಾರ. ಆ ಬೇಸಿಗೆಯಲ್ಲಿ ಒಂದು ದೊಡ್ಡ ಪಂದ್ಯಕ್ಕೆ ಅರ್ಹತೆ ಗಿಟ್ಟಿಸಿದ. ಆಗೆಲ್ಲ ಪಂದ್ಯಗಳು ಶನಿವಾರದವರೆಗೂ ನಡೆಯೋಕೆ ಶುರುವಾಗಿದ್ದವು. ರಜಾ ಕೇಳಿದ. ಹೊಸ ಸೆಕ್ರೆಟರಿ, ನಯವಾದ ಮನುಷ್ಯ, ನಕ್ಕು ಅಂದನಂತೆ, "ಗಾರ್ಸೈಡ್ ಹೀಗೆ ಯಾವತ್ತೂ ಕೇಳಿದವರಲ್ಲಪ್ಪ. ನಿನಗೆ ಅವರ ಕಥೆ ಗೊತ್ತಲ್ಲ?"

ಟ್ರೆವರ್ ನೇರ ನಮ್ಮ ಮನೆಗೆ ಬಂದ. ನಾವು ಆಗ ಊರಲ್ಲಿ ಬಾಡಿಗೆ ಮನೆಯಲ್ಲಿದ್ದೆವು.

"ನೀವೊಂದು ಮಾತು ಹೇಳಿ, ಮಿಸ್ಟರ್ ಗಾರ್ಸೈಡ್. 'ನಾನು ಅವತ್ತು ಬಂದಿದ್ದು ತಪ್ಪು, ಇವನನ್ನಾದ್ರೂ ಕಳ್ಸಿ' ಅಂತ ಅವರಿಗೆ. ನಿಮ್ಮ ಮಾತು ಅವರು ತೆಗೆದುಹಾಕಲ್ಲ."

ಹೊರೇಸ್ ಎದ್ದು ಕೋಟು ಹಾಕಿಕೊಂಡ. ನನಗೆ ಕಣ್ಣಲ್ಲಿ ನೀರು ಬಂತು. ಕೊನೆಗೂ, ಅಂದುಕೊಂಡೆ. ಬೇರೆಯವನಿಗಾಗಿಯಾದರೂ ಬಾಯಿ ಬಿಡುತ್ತಾನೆ. ಟ್ರೆವರ್ ನಮ್ಮ ಗೇಟಿನ ಹತ್ತಿರ ಸಿಗರೇಟು ಹಚ್ಚಿ ಕಾಯುತ್ತ ನಿಂತ.

ಹೊರೇಸ್ ಹಿತ್ತಲ ದಾರಿಯಿಂದ ಬಂದ. ಉಸಿರಲ್ಲಿ ಷೆರಿ ವೈನಿನ ವಾಸನೆ.

"ಹೇಳಿದ್ಯಾ?"

"ಸೆಕ್ರೆಟರಿ ಹತ್ರ ಹೊಸ ಮೆಂಬರುಗಳು ಕೂತಿದ್ರು. ಬನ್ನಿ ಬನ್ನಿ ಅಂತ ಕೂರಿಸ್ಕೊಂಡ್ರು. ಆ ಕಥೇನ ನಿಮ್ಮ ಬಾಯಿಂದಾನೇ ಕೇಳ್ಬೇಕು ಅಂದ್ರು."

"ಯಾವ ಕಥೆ ಹೇಳ್ದೆ?"

"ಅವರು ಹೇಳೋದೇ."

"ಟ್ರೆವರ್ ವಿಷಯ?"

"ಎಲ್ಲ ಎದ್ದು ನಿಂತು ಕೈ ಕುಲುಕಿದ್ರು, ಎನಿಡ್. ಆಮೇಲೆ ಏನಂತ ಹೇಳ್ಲಿ?"

ಹದಿನೈದು ವರ್ಷ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ನಿಷ್ಠೆಯಂತೆ ನಿಷ್ಠೆ! ಹೆದರ್ಕೊಂಡು ಓಡಿ ಬಂದೆ, ಹೊರೇಸ್. ಕ್ಯಾಪ್ಟನ್ಸ್ ಡೇನೂ ಅಲ್ಲ, ಮಣ್ಣೂ ಅಲ್ಲ. ಇನ್ನೊಂದ್ಸಲ ಇಲ್ಲ ಅನ್ನಿಸ್ಕೋಬೇಕಾಗುತ್ತೆ ಅಂತ ಹೆದರಿ, ಇಡೀ ಜನ್ಮದ ಆಟಾನ ಅಲ್ಲೇ ಬಿಟ್ಟು ಓಡಿ ಬಂದೆ. ಇವತ್ತೂ ಅದೇ ಮಾಡ್ದೆ."

ಅವನು ಕೋಟು ಬಿಚ್ಚಿ ಮೊಳೆಗೆ ತಗುಲಿಸಿದ. ತೋಳುಗಳನ್ನು ಎಳೆದು ಸರಿಮಾಡಿದ.

"ಗೊತ್ತು," ಅಂದ. "ರೈಲು ಹೊರಟಾಗ್ಲೇ ಗೊತ್ತಾಯ್ತು."

ಅವನು ಪರದೆ ಸ್ವಲ್ಪ ಸರಿಸಿ ಗೇಟಿನ ಕಡೆ ನೋಡಿದ. ಟ್ರೆವರ್ ಇನ್ನೊಂದು ಸಿಗರೇಟು ಮುಗಿಸಿ ನಮ್ಮ ಬಾಗಿಲನ್ನೇ ನೋಡುತ್ತಿದ್ದ.

"ಅವನಿಗೆ ಮಾತ್ರ ಹೇಳ್ಬೇಡ, ಎನಿಡ್," ಅಂದ. "ನೀನೇ ಹೋಗಿ, ಸೆಕ್ರೆಟರಿ ಒಪ್ಪಲಿಲ್ಲ ಅಂದುಬಿಡು."